ತರಬೇತಿಯ ‘ಮೌಲ್ಯಮಾಪನ’ಕ್ಕೆ ಬೇರೆ ಮಾತು ಇದೆಯೇ?

ಎಲ್ಲರಿಗೂ ನಮಸ್ಕಾರ.

ತುಮಕೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನರ್ಸ್‌ಗಳು ಹೆರಿಗೆ ತರಬೇತಿ ಪಡೆದಿದ್ದಾರೆ. ಅದು ಎಷ್ಟು ಉಪಯೋಗಕ್ಕೆ ಬಂತು ಎಂದು ಕೇಳುವ ಪ್ರಶ್ನೆಪಟ್ಟಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ‘ಮೌಲ್ಯಮಾಪನ’. ನಿಘಂಟಿನ ಪ್ರಕಾರ ಸರಿಯೇ. ಆದರೆ ಈ ಪದ ಕಿವಿಗೆ ಬಿದ್ದರೆ ಜನಕ್ಕೆ ನೆನಪಾಗುವುದು ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ. ಹಾಳೆಯ ಮೇಲೆ ಅದು ಕಂಡರೆ ‘ನನಗೆ ಎಷ್ಟು ಅಂಕ ಕೊಡ್ತಾರೋ’ ಎಂಬ ಅಳುಕು ಬರುತ್ತದೆ. ಆಗ ‘ಎಲ್ಲಾ ಚೆನ್ನಾಗಿ ಅರ್ಥವಾಯಿತು’ ಎಂದು ಸುಮ್ನೆ ಬರೆದು ಕೊಡುತ್ತಾರೆ. ತೂಗಬೇಕಿರುವುದು ತರಬೇತಿಯನ್ನು ತಾನೇ? ‘ಪರಿಶೀಲನೆ’ ಎಂದರೆ ಪ್ರಗತಿ ಪರಿಶೀಲನಾ ಸಭೆ, ‘ತಪಾಸಣೆ’ ಎಂದರೆ ಬಿಪಿ, ಶುಗರ್. ಸದ್ಯಕ್ಕೆ ‘ತರಬೇತಿ ನಿಮಗೆ ಎಷ್ಟು ನೆರವಾಯಿತು?’ ಎಂದು ಪ್ರಶ್ನೆಯನ್ನೇ ತಲೆಬರಹ ಮಾಡಿದ್ದೇನೆ. ಒಂದೇ ಪದ ಬೇಕೇ ಬೇಕು ಅಂತೇನಿಲ್ಲ, ಅಲ್ವಾ?

ಇನ್ನೊಂದರ ತೊಡಕು ಜಾಸ್ತಿ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯುವ ನಾಲ್ಕು ಹಂತಗಳನ್ನು ಬರೆದರು. ಕಲಿತವರಿಗೆ ಏನನ್ನಿಸಿತು, ಏನು ಕಲಿತರು, ಕೆಲಸಕ್ಕೆ ಮರಳಿದ ಮೇಲೆ ಅದನ್ನು ಮಾಡುತ್ತಿದ್ದಾರಾ, ಕೊನೆಗೆ ಅದರಿಂದ ಏನಾಯಿತು. ಮೊದಲೆರಡಕ್ಕೆ ‘ಅನಿಸಿಕೆ’, ‘ಕಲಿಕೆ’ ಸಾಕು. ಮೂರನೆಯದಕ್ಕೆ ‘ನಡವಳಿಕೆ’ ಎಂದು ಬಳಸಿದ್ದನ್ನು ನೋಡಿದ್ದೇನೆ. ನನಗೆ ಇದು ಒಪ್ಪಿಗೆಯಿಲ್ಲ. ಸರ್ಕಾರಿ ನೌಕರರಿಗೆ ಅದು ಸೇವಾ ನಿಯಮದ ‘ನಡತೆ’ಯಂತೆ ಕೇಳುತ್ತದೆ. ಎಷ್ಟೋ ವರ್ಷದಿಂದ ಹೆರಿಗೆ ಮಾಡಿಸುತ್ತಿರುವ ನರ್ಸಮ್ಮನನ್ನು ‘ನಿಮ್ಮ ನಡವಳಿಕೆ ಸುಧಾರಿಸಿದೆಯೇ?’ ಎಂದು ಕೇಳಿದರೆ ಅವಮಾನವಾಗುವುದಿಲ್ಲವೇ?

ಕೇಳಬೇಕಿರುವುದು ಬೇರೆಯೇ. ಮಗು ಹುಟ್ಟಿದ ಒಂದು ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಎಂದು ನೋಡಿಕೊಂಡು, ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಬೇಕು. ವಿಪರೀತ ರಕ್ತ ಹೋಗದಂತೆ ತಡೆಯುವುದು ಇದೇ. ತರಬೇತಿಯ ಕೊನೆಯ ದಿನ ಇದನ್ನು ಸರಿಯಾಗಿ ಬರೆದರೆ ಅದು ಕಲಿಕೆ. ತಿಂಗಳುಗಳು ಕಳೆದ ಮೇಲೆ, ಸರಿರಾತ್ರಿಯಲ್ಲಿ, ಪಕ್ಕದಲ್ಲಿ ಡಾಕ್ಟರ್ ಇಲ್ಲದಿದ್ದಾಗಲೂ ತಪ್ಪದೆ ಕೊಡುತ್ತಾರಾ ಎನ್ನುವುದು ಮೂರನೇ ಹಂತ. ‘ಕೈ ಪಳಗಿದೆ’ ಎನ್ನುತ್ತೇವಲ್ಲ, ಅದೇ. ಪ್ರಶ್ನೆಯಲ್ಲಿ ‘ಕೈ ಪಳಗಿದೆಯೇ?’ ಎನ್ನಬಹುದು. ವರದಿಯ ಕೋಷ್ಟಕಕ್ಕೆ ಒಂದು ನಾಮಪದ ಬೇಕು. ‘ಪಳಗಿಕೆ’ ಎಂದರೆ ಆನೆ ಪಳಗಿಸಿದ್ದು ನೆನಪಾದೀತು. ‘ರೂಢಿ’ ಹೇಗೆ? ‘ರೂಢಿಗೆ ಬಂದದ್ದು’ ಇನ್ನೂ ಸ್ಪಷ್ಟ ಅನಿಸುತ್ತದೆ.

ನಾಲ್ಕನೆಯದಕ್ಕೆ ‘ಫಲಿತಾಂಶ’ ಬೇಡ, ಮತ್ತೆ ಪರೀಕ್ಷೆಯೇ ಆಯಿತು. ‘ಪರಿಣಾಮ’ ವಾಸಿ. ಆದರೆ ‘ತರಬೇತಿಯ ಪರಿಣಾಮ’ ಎಂದ ಕೂಡಲೇ ಆದದ್ದೆಲ್ಲ ತರಬೇತಿಯಿಂದಲೇ ಆಯಿತು ಎಂಬ ಅರ್ಥ ಬಂದುಬಿಡುತ್ತದೆ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕಾದ ಔಷಧಿ. ಬಿಸಿಯಲ್ಲಿ ಇಟ್ಟರೆ ಅದರ ಶಕ್ತಿ ಕುಂದುತ್ತದೆ. ಫ್ರಿಜ್ ಕೆಟ್ಟಿದ್ದರೆ, ನರ್ಸ್ ಹೇಳಿಕೊಟ್ಟಂತೆಯೇ ಮಾಡಿದರೂ ರಕ್ತ ನಿಲ್ಲದಿರಬಹುದು. ಆ ತಪ್ಪು ತರಬೇತಿಯದೂ ಅಲ್ಲ, ನರ್ಸಿನದೂ ಅಲ್ಲ. ಅದಕ್ಕೇ ‘ಆಮೇಲೆ ಕಂಡ ಬದಲಾವಣೆ’ ಎಂದು ಬರೆಯೋಣ ಅಂದುಕೊಂಡಿದ್ದೇನೆ. ಇದು ತೀರಾ ಸಡಿಲವಾಯಿತಾ?

ಕೋಲಾರ, ಚಿಕ್ಕಬಳ್ಳಾಪುರದವರು, ಹಾಗೇ ನಮ್ಮ ಪಾವಗಡದವರು ದಯವಿಟ್ಟು ಹೇಳಿ. ಮನೆಯಲ್ಲಿ ತೆಲುಗು ಆಡುವ ನರ್ಸ್‌ಗಳಿಗೂ ‘ಕೈ ಪಳಗುವುದು’ ತಕ್ಷಣ ಅರ್ಥವಾಗುತ್ತದಾ? ಅವರು ತಮ್ಮತಮ್ಮಲ್ಲೇ ಇದಕ್ಕೆ ಏನನ್ನುತ್ತಾರೆ?