ದ್ರಾಕ್ಷಿ ತೋಟದಲ್ಲಿ ಗುಂಡಿ ತೋಡುವ ಜಾಕ್ ರಸೆಲ್: ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮದು ಚಿಕ್ಕಬಳ್ಳಾಪುರದ ಪಕ್ಕದ ಹಳ್ಳಿ. ದ್ರಾಕ್ಷಿ ತೋಟದಲ್ಲೇ ಮನೆ. ಬೆಂಗಳೂರಿನಲ್ಲಿರುವ ಮಗಳು ಅಪಾರ್ಟ್‌ಮೆಂಟಿನಲ್ಲಿ ಸಾಕಲು ಆಗುತ್ತಿಲ್ಲ ಅಂತ ತನ್ನ ಜಾಕ್ ರಸೆಲ್ ಟೆರಿಯರ್ ನಾಯಿಯನ್ನು ನಮ್ಮ ಹತ್ತಿರ ಬಿಟ್ಟು ಹೋಗಿದ್ದಾಳೆ. ಹೆಸರು ಚುಕ್ಕಿ. 10 ತಿಂಗಳು, 6 ಕೇಜಿ. ಬಂದ ದಿನದಿಂದ ಬಳ್ಳಿಯ ಬುಡ ಬಗೆಯುವುದೇ ಕೆಲಸ. ಮೊನ್ನೆ ಡ್ರಿಪ್ ಪೈಪ್ ಕಚ್ಚಿ ತೂತು ಮಾಡಿದೆ. ಗದರಿದರೂ ಕೇಳುವುದಿಲ್ಲ, ಕಟ್ಟಿಹಾಕಿದರೆ ಒಂದೇ ಸಮ ಬೊಗಳುತ್ತದೆ. ಏನು ಮಾಡಲಿ? ಚಪ್ಪರದ ಕೆಳಗೆ ಉದುರಿದ ದ್ರಾಕ್ಷಿಯನ್ನೂ ಹೆಕ್ಕಿ ತಿನ್ನುತ್ತದೆ. ಹಣ್ಣು ತಾನೇ ಅಂತ ಸುಮ್ಮನಿದ್ದೇನೆ.

ಡಾಕ್ಟರ್: ಅಮ್ಮ, ನೀವು ಕೊನೆಯಲ್ಲಿ ಬರೆದ ಮಾತಿನಿಂದಲೇ ಶುರು ಮಾಡುತ್ತೇನೆ. ಗುಂಡಿ ವಿಷಯ ಆಮೇಲೆ. ದ್ರಾಕ್ಷಿಯನ್ನು ಇವತ್ತೇ ನಿಲ್ಲಿಸಿ.

ದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನೇ ಕೆಡಿಸುತ್ತದೆ. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ. ಒಂದು ನಾಯಿ ಗೊಂಚಲು ತಿಂದು ಆರಾಮಾಗಿರುತ್ತದೆ, ಇನ್ನೊಂದಕ್ಕೆ ನಾಲ್ಕು ಹಣ್ಣಿಗೇ ತೊಂದರೆ ಆಗಬಹುದು. ಇಷ್ಟು ದಿನ ಏನೂ ಆಗಿಲ್ಲ ಅಂತ ಧೈರ್ಯ ಮಾಡಬೇಡಿ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ ಈಗ ಹೇಳುತ್ತಾರೆ. ಹುಣಸೆಹಣ್ಣಿನಲ್ಲೂ ಅದು ಜಾಸ್ತಿ. ಹಾಗಾಗಿ ಅಂಗಳದಲ್ಲಿ ಒಣಹಾಕಿದ ಹುಣಸೆಹಣ್ಣಿಗೂ ಚುಕ್ಕಿ ಬಾಯಿ ಹಾಕಬಾರದು. ಒಣದ್ರಾಕ್ಷಿಯೂ ಅಷ್ಟೇ. ಕೇಸರಿಬಾತ್ ಪ್ರಸಾದ ತಂದಾಗ ಅಂಗೈಯಲ್ಲಿ ಇಟ್ಟು ತಿನ್ನಿಸುತ್ತೀರಿ ಅಲ್ವಾ, ಅದೂ ಬೇಡ.

ಮತ್ತೆ ತಿಂದದ್ದು ಕಂಡರೆ ವಾಂತಿ ಆಗಲಿ ಅಂತ ಕಾಯಬೇಡಿ. ಆದಷ್ಟು ಬೇಗ, ಒಂದೆರಡು ಗಂಟೆಯೊಳಗೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತಾರೆ. ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ, ಅದೇ ಇನ್ನೊಂದು ವಿಷ. ಉಚ್ಚೆ ಹೊಯ್ಯುವುದು ಕಡಿಮೆಯಾಗುವ ಹೊತ್ತಿಗೆ ನಮ್ಮ ಕೈಯಲ್ಲಿ ಉಳಿದಿರುವುದು ಸ್ವಲ್ಪವೇ.

ಈಗ ಗುಂಡಿ. ಚುಕ್ಕಿ ತಪ್ಪು ಮಾಡುತ್ತಿಲ್ಲ ಅಮ್ಮ, ಅದು ಅದರ ಕಸುಬು. ಟೆರಿಯರ್ ಅನ್ನುವ ಹೆಸರೇ ನೆಲ ಅನ್ನುವ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಇಂಗ್ಲೆಂಡಿನ ಡೆವನ್ ಕಡೆಯ ಜಾನ್ ರಸೆಲ್ ಎಂಬ ಪಾದ್ರಿ 1819ರಲ್ಲಿ ಒಂದು ಪುಟ್ಟ ಬಿಳಿ ಹೆಣ್ಣುನಾಯಿ ಕೊಂಡ. ಬಿಲದೊಳಗೆ ನುಗ್ಗಿ ನರಿಯನ್ನು ಹೊರಗೆ ಓಡಿಸುವ ತಳಿ ಅಲ್ಲಿಂದ ಬೆಳೆಯಿತು. ಮೈ ಬಿಳಿ ಇದ್ದರೆ ನರಿ ಯಾವುದು, ನಾಯಿ ಯಾವುದು ಅಂತ ದೂರದಿಂದಲೇ ಗೊತ್ತಾಗುತ್ತದೆ ಅಂತ ಆ ಬಣ್ಣ. ಅಂಥ ನಾಯಿಗೆ ಹೊಡೆದರೆ ನಿಮ್ಮ ಮೇಲೆ ಭಯ ಹುಟ್ಟುತ್ತದೆಯೇ ಹೊರತು ಬಗೆಯುವುದು ಬಿಡುವುದಿಲ್ಲ.

ಬಗೆಯಲು ಅದಕ್ಕೊಂದು ಜಾಗ ಕೊಡಿ. ಮನೆ ಹಿಂದೆ ನಾಲ್ಕಡಿ ಅಗಲದ ಗುಂಡಿ ಮಾಡಿ ಮರಳು ತುಂಬಿಸಿ. ಅದರ ಕಣ್ಣೆದುರೇ ಒಂದು ಹಳೆ ಚೆಂಡು ಹೂಳಿ. ಮೊದಲು ಮೇಲೆ ಮೇಲೆ, ಆಮೇಲೆ ಆಳಕ್ಕೆ. ಹುಡುಕಿ ತೆಗೆದರೆ ಬೇಯಿಸಿದ ಕೋಳಿಯ ಚೂರು ಕೊಡಿ, ಮೂಳೆ ಬೇಡ. ಬಳ್ಳಿ ಬುಡಕ್ಕೆ ಹೋದರೆ ಬಯ್ಯದೆ ಎತ್ತಿ ತಂದು ಈ ಗುಂಡಿಯಲ್ಲಿ ಬಿಡಿ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಚೆನ್ನಾಗಿ ಓಡಾಡಿಸಿ. ಕಟ್ಟಿಹಾಕಿದಾಗ ಬೊಗಳುವುದು ಮೈಯಲ್ಲಿ ಉಳಿದ ಶಕ್ತಿಗೆ. ಚಪ್ಪರಕ್ಕೆ ಮಾತ್ರ ಸುತ್ತ ಮೆಶ್ ಹಾಕಿಸಲೇಬೇಕು, ಅಂಚನ್ನು ಒಂದಡಿ ಮಣ್ಣೊಳಗೆ ಹೂಳಿ. ಇಲ್ಲದಿದ್ದರೆ ಅಡಿಯಿಂದ ಬರುತ್ತದೆ.

ಶಿಡ್ಲಘಟ್ಟದಿಂದ ಒಬ್ಬರು: ಸಾರ್, ನಮ್ಮ ರೇಷ್ಮೆ ಹುಳುವಿನ ಮನೆಗೆ ಇಲಿ ಕಾಟ. ಹಣ್ಣಾದ ಹುಳು, ಗೂಡು ಎರಡನ್ನೂ ತಿಂದು ಹಾಕುತ್ತವೆ. ಇಂಥ ನಾಯಿ ತಂದರೆ ಇಲಿ ಹೋಗುತ್ತವಾ? ಸದ್ಯಕ್ಕೆ ಪಾಷಾಣ ಇಡುತ್ತಿದ್ದೇವೆ.

ಡಾಕ್ಟರ್: ಅಣ್ಣ, ಇಲಿ ಹಿಡಿಯುವುದರಲ್ಲಿ ಇವು ಚುರುಕು. ಆದರೆ ನಾಯಿ ಮತ್ತು ಪಾಷಾಣ ಎರಡೂ ಒಂದೇ ಮನೆಯಲ್ಲಿ ಇರಬಾರದು. ಕೇಕ್ ಥರದ ಬ್ರೋಮಾಡಿಯೋಲೋನ್ ತಿಂದ ನಾಯಿ ಎರಡು ಮೂರು ದಿನ ಚೆನ್ನಾಗೇ ಓಡಾಡಿಕೊಂಡಿದ್ದು ಆಮೇಲೆ ಒಳಗೊಳಗೇ ರಕ್ತ ಸೋರುತ್ತದೆ. ಅದಕ್ಕೆ ವಿಟಮಿನ್ ಕೆ1 ಇದೆ, ಬೇಗ ತಂದರೆ ಉಳಿಸಬಹುದು. ಕಪ್ಪು ಪುಡಿಯ ಜಿಂಕ್ ಫಾಸ್ಫೈಡಿಗೆ ಮದ್ದೇ ಇಲ್ಲ. ವಿಷ ತಿಂದ ಇಲಿಯನ್ನು ಕಚ್ಚಿದರೂ ಅಪಾಯವೇ.

ಇಲಿ ಹಿಡಿಯುವ ನಾಯಿಗೆ ರೇಬಿಸ್ ಲಸಿಕೆ ಜೊತೆ ಇಲಿಜ್ವರದ ಲಸಿಕೆಯನ್ನೂ ವರ್ಷ ವರ್ಷ ಹಾಕಿಸಬೇಕು. ನಾಯಿಗೆ ಬಂದರೆ ಅದರ ಉಚ್ಚೆಯಿಂದ ಮನೆಯವರಿಗೂ ಬರಬಹುದು. ಇನ್ನೊಂದು ಮಾತು. ಇದು 14–15 ವರ್ಷ ಬದುಕುವ ಜೀವ. ಬರೀ ಇಲಿಗೋಸ್ಕರ ಆದರೆ ದಯವಿಟ್ಟು ತರಬೇಡಿ, ಬೋನು ಇಡಿ.

ಅದೇ ಶಿಡ್ಲಘಟ್ಟದವರು: ಸರಿ ಸಾರ್, ಬೋನೇ ಇಡುತ್ತೇವೆ. ಬಿಲದಲ್ಲಿ ಹಾವಿದ್ದರೆ ಈ ನಾಯಿಗಳು ಹೆದರಲ್ವಾ?

ಡಾಕ್ಟರ್: ಹೆದರುವುದಿಲ್ಲ, ಅದೇ ನನ್ನ ಚಿಂತೆ. ಮೂಗು ಒಳಗೆ ಹಾಕುವುದರಿಂದ ಕಡಿತ ಮುಖಕ್ಕೇ ಬೀಳುತ್ತದೆ. ಕೊಳಕುಮಂಡಲ ಕಚ್ಚಿದರೆ ನೋಡುತ್ತಿದ್ದಂತೆ ಮೂತಿ ಊದುತ್ತದೆ. ಕಟ್ಟಬೇಡಿ, ಕೊಯ್ಯಬೇಡಿ, ನಡೆಸಲೂ ಬೇಡಿ. ಎತ್ತಿಕೊಂಡು ಬನ್ನಿ. ಮನುಷ್ಯರಿಗೆ ಕೊಡುವ ವಿಷಹಾರಿ ಇಂಜೆಕ್ಷನ್ ನಾಯಿಗೂ ಕೆಲಸ ಮಾಡುತ್ತದೆ.

ಮೊದಲು ಕೇಳಿದವರು, ಮೂರು ವಾರದ ನಂತರ: ಡಾಕ್ಟ್ರೇ, ಮೆಶ್ ಹಾಕಿಸಿದೆವು. ಮರಳು ಗುಂಡಿಯಲ್ಲಿ ಚುಕ್ಕಿಯ ಹಿಂದಿನ ಕಾಲು, ಬಾಲ ಮಾತ್ರ ಕಾಣುತ್ತವೆ! ನಮ್ಮ ಮನೆಯವರೇ ದಿನಾ ಚೆಂಡು ಹೂಳುತ್ತಾರೆ. ಆದರೆ ಇವತ್ತು ಬೆಳಿಗ್ಗೆಯಿಂದ ಎಡಗಣ್ಣು ಕೆಂಪಗಿದೆ, ಅರ್ಧ ಮುಚ್ಚಿಕೊಂಡಿದೆ. ನಮ್ಮ ಅತ್ತೆಯ ಕಣ್ಣಿನ ಡ್ರಾಪ್ಸ್ ಇದೆ, ಹಾಕಲಾ?

ಡಾಕ್ಟರ್: ಬೇಡಮ್ಮ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಮರಳು ಗೀರಿ ಕಣ್ಣಿನಲ್ಲಿ ಗಾಯ ಆಗಿದ್ದರೆ ಗಾಯ ಇನ್ನೂ ಆಳಕ್ಕೆ ಹೋಗುತ್ತದೆ. ಕಾಯಿಸಿ ಆರಿಸಿದ ನೀರಿನಲ್ಲಿ ಕಣ್ಣು ತೊಳೆಯಿರಿ, ಕಾಲಲ್ಲಿ ಉಜ್ಜಿಕೊಳ್ಳಲು ಬಿಡಬೇಡಿ. ಟೆರಿಯರ್‌ಗಳಲ್ಲಿ ಕಣ್ಣಿನ ಮಸೂರ ಜಾರುವ ಕಾಯಿಲೆಯೂ ಉಂಟು. ಚುಕ್ಕಿಯ ವಯಸ್ಸಿಗೆ ಅದು ಅಪರೂಪ, ಆದರೂ ನೋಡಿಬಿಡುವುದು ಒಳ್ಳೆಯದು. ಸಂಜೆವರೆಗೆ ಕಾಯದೆ ಈಗಲೇ ಹೊರಡಿ.