ಜ್ಯಾಕ್ ಬೆನ್ನಿ ರೇಡಿಯೋ ಶೋ: ಅಮ್ಮನಿಗೆ ಆ ಮೌನದ ಜೋಕ್ ಹೇಗೆ ದಾಟಿಸಲಿ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ. ಅಮ್ಮನಿಗೆ 71 ವರ್ಷ. ಕಣ್ಣು ಮಂಜಾಗಿ ಎರಡು ವರ್ಷವಾಯಿತು, ಟಿವಿ ನೋಡಲು ಆಗುವುದಿಲ್ಲ. ಹಾಗಾಗಿ ರಾತ್ರಿ ಊಟ ಮುಗಿಸಿ ಇಬ್ಬರೂ ಮೊಬೈಲ್‌ನಲ್ಲಿ ಹಳೆಯ ರೇಡಿಯೋ ಕಾರ್ಯಕ್ರಮ ಕೇಳುತ್ತೇವೆ. ಕನ್ನಡದವು ಸಿಕ್ಕಷ್ಟೂ ಮುಗಿದವು. ಎರಡು ತಿಂಗಳಿಂದ ಅಮೆರಿಕದ ಜ್ಯಾಕ್ ಬೆನ್ನಿ ಶೋ ಹಿಡಿದಿದ್ದೇವೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ.

ಕೇಳದೇ ಇರುವವರಿಗೆ ಎರಡು ಮಾತು. ಈ ಶೋ 1932ರಿಂದ 1955ರವರೆಗೆ ನಡೆಯಿತು. ಜ್ಯಾಕ್ ಬೆನ್ನಿ ಅದರಲ್ಲಿ ಜ್ಯಾಕ್ ಬೆನ್ನಿಯಾಗಿಯೇ ಬರುತ್ತಾನೆ. ಆದರೆ ಮಹಾ ಜುಗ್ಗ. ಯಾವ ವರ್ಷ ಕೇಳಿದರೂ ವಯಸ್ಸು 39. ತಾನು ದೊಡ್ಡ ಪಿಟೀಲು ವಿದ್ವಾಂಸ ಎಂಬ ನಂಬಿಕೆ ಬೇರೆ. ಅಮ್ಮ ಅವನಿಗೆ ಹೆಸರೇ ಇಟ್ಟಿದ್ದಾಳೆ. "ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಬಂದನಾ?" ಅಂತ ದಿನಾ ಕೇಳುತ್ತಾಳೆ.

ತೊಂದರೆ ಬಂದದ್ದು 1948ರ ಮಾರ್ಚ್ 28ರ ಕಂತಿನಲ್ಲಿ. ಪಕ್ಕದ ಮನೆಯ ನಟ ರೊನಾಲ್ಡ್ ಕೋಲ್ಮನ್‌ನ ಆಸ್ಕರ್ ಬೊಂಬೆಯನ್ನು ಜ್ಯಾಕ್ ಕಡ ತಂದಿದ್ದಾನೆ. ರಾತ್ರಿ ನಡೆದು ಬರುವಾಗ ಕಳ್ಳ ಅಡ್ಡಗಟ್ಟುತ್ತಾನೆ. "ದುಡ್ಡೋ, ಪ್ರಾಣವೋ?" ಅನ್ನುತ್ತಾನೆ. ಜ್ಯಾಕ್ ಮಾತೇ ಆಡುವುದಿಲ್ಲ. ಅಲ್ಲಿ ಕೂತ ಜನ ನಗಲು ಶುರು ಮಾಡುತ್ತಾರೆ. ಕಳ್ಳ ರೇಗಿ ಮತ್ತೆ ಕೇಳುತ್ತಾನೆ. "ಯೋಚನೆ ಮಾಡ್ತಾ ಇದ್ದೀನಿ!" ಅನ್ನುತ್ತಾನೆ ಜ್ಯಾಕ್. ನನಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಮ್ಮ ಮಾತ್ರ "ಅಷ್ಟೇನಾ?" ಅಂದಳು.

ನನಗೆ ನಿಜಕ್ಕೂ ಬೇಜಾರಾಯಿತು. ಅವಳು ನಗುವುದನ್ನು ಕೇಳಬೇಕು ಅಂತಲೇ ಇಷ್ಟೆಲ್ಲ ಮಾಡುವುದು. ನಾನು ಹೇಳಿದ ರೀತಿ ತಪ್ಪಾಯಿತಾ? ಯಾವುದನ್ನು ಮೊದಲು ಕೇಳಿಸಬೇಕಿತ್ತು?

ಹಳೇಸ್ಟೇಷನ್:

ಒಂದು ಮಾತು ಕೇಳುತ್ತೇನೆ. ಕಳ್ಳ ಕೇಳಿದ ಕೂಡಲೇ ನೀವು ಮೊಬೈಲ್ ನಿಲ್ಲಿಸಿ ಅದನ್ನು ಕನ್ನಡಕ್ಕೆ ತಂದಿರಿ, ಅಲ್ವಾ? ಅಲ್ಲಿಗೆ ಜೋಕ್ ಕೈಬಿಟ್ಟಿತು. ಆ ಜೋಕ್ ಇರುವುದು ಮಾತಿನಲ್ಲಲ್ಲ, ಎರಡು ಮಾತಿನ ನಡುವೆ. ಜ್ಯಾಕ್ ಬಾಯಿ ತೆರೆಯುವ ಮೊದಲೇ ಜನ ನಗುತ್ತಾರೆ ಅಂತ ನೀವೇ ಬರೆದಿದ್ದೀರಿ. ಆ ಹೊತ್ತಿಗೆ ಶೋ ಶುರುವಾಗಿ ಹದಿನಾರು ವರ್ಷ. ಅವನು ಎಂಥ ಜುಗ್ಗ ಅಂತ ಮನೆಮನೆಗೂ ಗೊತ್ತಿತ್ತು. ಅವನು ಸುಮ್ಮನೆ ನಿಂತರೆ ಸಾಕು, ತಲೆಯೊಳಗೆ ಏನು ಲೆಕ್ಕ ನಡೆದಿದೆ ಅಂತ ಕೇಳುಗನೇ ತುಂಬಿಕೊಳ್ಳುತ್ತಿದ್ದ. ರೇಡಿಯೋದಲ್ಲಿ ಸುಮ್ಮನಿರುವುದು ಸಣ್ಣ ಧೈರ್ಯವಲ್ಲ. ಮುಖವೂ ಕಾಣದು, ಮಾತೂ ಇಲ್ಲ. ಜ್ಯಾಕ್‌ಗೆ ಆ ಧೈರ್ಯ ಇತ್ತು.

ಆ ಸಾಲು ಹುಟ್ಟಿದ ಕಥೆಯೂ ಹೀಗೇ ಇದೆ. ಮಿಲ್ಟ್ ಜೋಸೆಫ್ಸ್‌ಬರ್ಗ್ ಮತ್ತು ಜಾನ್ ಟ್ಯಾಕಬೆರಿ ಅಂತ ಇಬ್ಬರು ಬರಹಗಾರರು. ಕಳ್ಳನ ಪ್ರಶ್ನೆ ಬರೆದಾಗಿತ್ತು, ಜ್ಯಾಕ್‌ನ ಉತ್ತರ ಹೊಳೆಯುತ್ತಿರಲಿಲ್ಲ. ಟ್ಯಾಕಬೆರಿ ಸುಮ್ಮನೆ ಸೋಫಾ ಮೇಲೆ ಬಿದ್ದುಕೊಂಡಿದ್ದ. ಏನಾದರೂ ಹೇಳಪ್ಪಾ ಅಂತ ಜೋಸೆಫ್ಸ್‌ಬರ್ಗ್ ರೇಗಿದ್ದಕ್ಕೆ, ಯೋಚನೆ ಮಾಡ್ತಾ ಇದ್ದೀನಿ ಅಂದನಂತೆ. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಕಥೆಯನ್ನೆಲ್ಲ ಮೊದಲೇ ಹೇಳಿಬಿಡಿ. ಕಳ್ಳನ ಪ್ರಶ್ನೆಯನ್ನೂ ಹೇಳಿ, ಜ್ಯಾಕ್‌ನ ಉತ್ತರ ಮಾತ್ರ ಹೇಳಬೇಡಿ. ಆಮೇಲೆ ಮೊಬೈಲ್ ಮುಟ್ಟದೆ ಕೇಳಿಸಿ.

ಬೀರೂರ್_ಜಂಕ್ಷನ್:

ಇಂಗ್ಲಿಷ್ ಬಾರದವರಿಗೆ ಶಬ್ದದ ಜೋಕ್‌ಗಳೇ ಒಳ್ಳೆಯ ಬಾಗಿಲು ಅಂತ ನನಗನ್ನಿಸುತ್ತದೆ. ಜ್ಯಾಕ್‌ನ ಮ್ಯಾಕ್ಸ್‌ವೆಲ್ ಕಾರು ಕೇಳಿಸಿದ್ದೀರಾ? ಆ ಕಂಪನಿ 1920ರ ದಶಕದಲ್ಲೇ ಹೋಯಿತು, ಇವನು ಮಾತ್ರ ಕಾರು ಬದಲಿಸಲಿಲ್ಲ. ಅದು ಕೆಮ್ಮುವುದು, ಉಗುಳುವುದು, ಸೀನುವುದು, ಕೊನೆಗೆ ಉಸಿರು ನಿಲ್ಲಿಸುವುದು, ಎಲ್ಲವೂ ಮೆಲ್ ಬ್ಲಾಂಕ್ ಬಾಯಲ್ಲಿ ಮಾಡಿದ್ದು. ಕಾರ್ಟೂನ್ ಮೊಲ ಬಗ್ಸ್ ಬನ್ನಿಯ ದನಿಯೂ ಅದೇ ಪುಣ್ಯಾತ್ಮನದು.

ನನಗೆ ಜೀವ ಅಂದರೆ ರೈಲ್ವೆ ಸ್ಟೇಷನ್ ಜೋಕ್. ಅಪ್ಪ ರೈಲ್ವೆಯಲ್ಲಿದ್ದರು, ಅನೌನ್ಸ್‌ಮೆಂಟ್ ಕೇಳಿಯೇ ಬೆಳೆದವನು ನಾನು. ಅಲ್ಲೂ ಮೆಲ್ ಬ್ಲಾಂಕ್‌ನೇ. "ಅನಹೈಮ್, ಅಝೂಸಾ ಅಂಡ್ ಕೂಕ್..." ಅಂತ ನಿಲ್ಲಿಸುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು "...ಅಮಂಗಾ!" ಅನ್ನುತ್ತಾನೆ. ಕೂಕಮಂಗಾ ಅನ್ನುವುದು ಒಂದೇ ಹೆಸರು, ಅದನ್ನೇ ಒಡೆದು ಹೇಳುತ್ತಾನೆ. ಮೂರೂ ಕ್ಯಾಲಿಫೋರ್ನಿಯಾದ ನಿಜವಾದ ಊರುಗಳು. ಕೂಕ್ ಮತ್ತು ಅಮಂಗಾ ನಡುವಿನ ಬಿಡುವು ಬರಬರುತ್ತಾ ಉದ್ದವಾಗುತ್ತಾ ಹೋಯಿತು. ನಡುವೆ ಬೇರೆ ಮಾತುಕತೆಯೇ ಮುಗಿದು, ನಾವು ಮರೆತೇಬಿಟ್ಟಾಗ "ಅಮಂಗಾ" ಬರುತ್ತದೆ! ಇವತ್ತು ಕೂಕಮಂಗಾದಲ್ಲಿ ಜ್ಯಾಕ್ ಬೆನ್ನಿಯ ಪ್ರತಿಮೆ ಇದೆ. ಒಂದು ಜೋಕ್‌ನಿಂದ ಊರಿಗೆ ಪ್ರತಿಮೆ ಬಂತಲ್ಲ ಅಂತ ನೆನೆದಾಗಲೆಲ್ಲ ಖುಷಿಯಾಗುತ್ತದೆ.

ಕೆಂಪುದೀಪ:

ಯಾರೂ ರಾಚೆಸ್ಟರ್ ಹೆಸರೇ ಎತ್ತಿಲ್ಲ. ಜ್ಯಾಕ್‌ನ ಮನೆ ನೋಡಿಕೊಳ್ಳುವ ಆಳು. ಜ್ಯಾಕ್‌ನ ಬಂಡವಾಳ ಬಯಲು ಮಾಡುವವನೇ ಅವನು. ಎಡ್ಡಿ ಆಂಡರ್ಸನ್ ಎಂಬ ಕಪ್ಪು ನಟ 1937ರಲ್ಲಿ ರೈಲಿನ ಪೋರ್ಟರ್ ಪಾತ್ರಕ್ಕೆ ಬಂದವರು, ಜನರಿಗೆ ಹಿಡಿಸಿ ಅಲ್ಲೇ ಉಳಿದರು. ಆ ಗೊಗ್ಗರು ದನಿ ಚಿಕ್ಕಂದಿನಲ್ಲಿ ಪೇಪರ್ ಮಾರುತ್ತಾ ಕೂಗಿ ಕೂಗಿ ಬಂದದ್ದು ಅಂತ ಹೇಳುತ್ತಿದ್ದರು. ಜನ ಅವರನ್ನು ರಾಚೆಸ್ಟರ್ ಎಂದೇ ಕರೆದರು. ನಮ್ಮಲ್ಲಿ ಎ.ಎಸ್. ಮೂರ್ತಿಯವರು "ಆಕಾಶವಾಣಿ ಈರಣ್ಣ" ಆದ ಹಾಗೆ.

ಒಂದು ಎಚ್ಚರಿಕೆ ಹೇಳಲೇಬೇಕು. ಶುರುವಿನ ವರ್ಷಗಳ ಕಂತುಗಳಲ್ಲಿ ರಾಚೆಸ್ಟರ್ ಬಗ್ಗೆ ಬಣ್ಣ ಹಿಡಿದು ಆಡಿಕೊಳ್ಳುವ ಜೋಕ್‌ಗಳಿವೆ. ಕೇಳಿದರೆ ನೋವಾಗುತ್ತದೆ. ಎರಡನೇ ಮಹಾಯುದ್ಧದ ನಂತರ ಜ್ಯಾಕ್ ಬೆನ್ನಿಯೇ ಅವನ್ನು ಬಿಡಿಸಿದರು. 1950ರಲ್ಲಿ ಹಳೆಯ ಸ್ಕ್ರಿಪ್ಟ್ ಒಂದನ್ನು ಮತ್ತೆ ಬಳಸಿದಾಗ ಕೇಳುಗರಿಂದ ದೂರು ಬಂದವು, ಬರಬೇಕಾದದ್ದೇ. ಹಾಗಾಗಿ ಅಮ್ಮನವರಿಗೆ 1945ರ ಈಚಿನವನ್ನೇ ಹಾಕಿ. ಹಳೆಯದರಲ್ಲಿ ಕಾರ್‌ಮೈಕಲ್ ಕರಡಿ ಇರುವ ಕಂತುಗಳು ಮಾತ್ರ ಬಿಡಬೇಡಿ. ಜ್ಯಾಕ್‌ನ ಮನೆಯ ನೆಲಮಾಳಿಗೆಯಲ್ಲಿ ಹಿಮಕರಡಿ ಇದೆ, ಗ್ಯಾಸ್ ಮೀಟರ್ ನೋಡಲು ಬಂದವನನ್ನು ಅದು ತಿಂದಿತು ಅಂತ ರಾಚೆಸ್ಟರ್ ಹೇಳುತ್ತಾನೆ!

ಇನ್ನೊಂದು ವಿಷಯ. ನಿಜ ಜೀವನದಲ್ಲಿ ಜ್ಯಾಕ್ ಬೆನ್ನಿ ಧಾರಾಳಿ. 1974ರಲ್ಲಿ ತೀರಿಕೊಂಡಾಗ, ಹೆಂಡತಿ ಮೇರಿಗೆ ಅವಳು ಇರುವವರೆಗೂ ದಿನಾ ಒಂದು ಕೆಂಪು ಗುಲಾಬಿ ಕಳಿಸುವ ಏರ್ಪಾಡು ಮಾಡಿಟ್ಟು ಹೋಗಿದ್ದರು. ಶೋನಲ್ಲಿ ಅವನ ಕಾಲೆಳೆಯುವ ಮೇರಿ ಇದೇ ಮೇರಿ.

ತುಂಗಾತೀರ:

ಎಲ್ಲರಿಗೂ ಮನಸಾರೆ ಧನ್ಯವಾದ. ಹಳೇಸ್ಟೇಷನ್ ಅವರೇ, ನೀವು ಹೇಳಿದ್ದು ಸರಿ. ನಿಲ್ಲಿಸಿಯೇ ಹೇಳಿದ್ದೆ.

ಹತ್ತು ದಿನ ಬರೀ ಕಾರು, ರೈಲು, ಕರಡಿ ಕೇಳಿದೆವು. ಗ್ಯಾಸ್‌ನವನ ಸುದ್ದಿಗೆ ಅಮ್ಮ "ಬಿಲ್ ಕಟ್ಟೋದು ತಪ್ಪಿತು ಅಂತ ಇವನು ಕರಡಿಗೆ ಅನ್ನ ಹಾಕ್ತಾನೆ" ಅಂದಳು. ಗುಲಾಬಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಮತ್ತೆ ಯಾಕೆ ಹಾಗೆ ಅನ್ನಿಸಿಕೊಂಡ ಪಾಪ" ಅಂದಳು.

ನಿನ್ನೆ ರಾತ್ರಿ ಕಳ್ಳನ ಕಂತನ್ನು ಮತ್ತೆ ಹಾಕಿದೆ. ಮೊದಲೇ ಕಥೆ ಹೇಳಿ, ಮೊಬೈಲ್ ಮಂಚದ ಮೇಲಿಟ್ಟು ಕೈ ಕಟ್ಟಿ ಕೂತೆ. ಕಳ್ಳ ಕೇಳಿದ. ಜ್ಯಾಕ್ ಸುಮ್ಮನಾದ. ಅಲ್ಲಿನ ಜನ ನಗುವುದಕ್ಕೂ ಅಮ್ಮ ನನ್ನ ಕೈ ಹಿಡಿಯುವುದಕ್ಕೂ ಸರಿಹೋಯಿತು. "ಲೆಕ್ಕ ಹಾಕ್ತಿದ್ದಾನೆ ಕಣೇ" ಅಂತ ನಗಲು ಶುರು ಮಾಡಿದಳು. ಜ್ಯಾಕ್‌ನ ಉತ್ತರ ನನಗೂ ಕೇಳಿಸಲಿಲ್ಲ.