ನಿಕಟಪೂರ್ವ ಅಧ್ಯಕ್ಷೆಯ ಹೊಣೆ ಯಾವುದು, ಅದು ಎಲ್ಲಿಗೆ ಮುಗಿಯುತ್ತದೆ?

ಪ್ರಶ್ನೆ: ಹೊಸ ಅಧ್ಯಕ್ಷೆ, ಉಡುಪಿ ಜಿಲ್ಲೆ

ಎಲ್ಲ ಸಹೋದರಿಯರಿಗೆ ವಂದನೆಗಳು. ನಮ್ಮ ಚರ್ಚಿನ ಸ್ತ್ರೀ ಸಂಘಟನೆಯ ಅಧ್ಯಕ್ಷೆಯಾಗಿ ನಾನು ಅಧಿಕಾರ ವಹಿಸಿಕೊಂಡು ಐದು ತಿಂಗಳಾಗಿವೆ. ಹಿಂದೆ ಈ ಸ್ಥಾನದಲ್ಲಿದ್ದ ಮೂವರು ಹಿರಿಯರು ಈಗಲೂ ಸಂಘಟನೆಯಲ್ಲಿದ್ದಾರೆ. ಅವರಲ್ಲಿ ಒಬ್ಬರು ನನಗೆ ಧರ್ಮೋಪದೇಶ ಕಲಿಸಿದವರು. ನನ್ನ ಮೊದಲ ಪರಮಪ್ರಸಾದದ ದಿನ ಕೈಹಿಡಿದು ಸಾಲಿನಲ್ಲಿ ನಿಲ್ಲಿಸಿದವರು. ಆದ್ದರಿಂದ ನಾನು ಇಲ್ಲಿ ಕೇಳುತ್ತಿರುವುದು ದೂರಿನಂತೆ ಕಾಣಬಾರದು ಎಂಬುದು ನನ್ನ ಪ್ರಾರ್ಥನೆ.

ನಮ್ಮ ಕಾರ್ಯಕಾರಿ ಸಮಿತಿಯ ಸಭೆಗೆ ಈ ಮೂವರೂ ರೂಢಿಯಂತೆ ಬರುತ್ತಾರೆ. ಯಾವುದೇ ವಿಷಯ ಮಂಡನೆಯಾದ ಕೂಡಲೇ ಸದಸ್ಯೆಯರು ಅವರ ಮುಖ ನೋಡುತ್ತಾರೆ; ಅವರು ಮಾತಾಡಿದ ಮೇಲೆ ಬೇರೆ ಯಾರೂ ಬಾಯಿ ತೆರೆಯುವುದಿಲ್ಲ. ಮರಿಯಮ್ಮನವರ ಜನ್ಮದಿನವಾದ ಮೊಂತಿ ಹಬ್ಬದ ಸಮಯದಲ್ಲಿ ಇದು ನನಗೆ ತೀರಾ ಕಷ್ಟವಾಯಿತು. ಒಂಬತ್ತು ದಿನ ಹೂ ತಂದು ಮರಿಯಮ್ಮನವರಿಗೆ ಅರ್ಪಿಸಿದ ಮಕ್ಕಳಿಗೆ ಹಬ್ಬದ ದಿನ ಕಬ್ಬು ಹಂಚುವಾಗ ಅದರ ಖರ್ಚಿನ ಒಂದು ಪಾಲನ್ನು ಸಂಘಟನೆಯೇ ಹೊರುವ ಪದ್ಧತಿ ನಮ್ಮಲ್ಲಿದೆ. ಈ ಬಾರಿ ಆ ಪಾಲನ್ನು ಅರ್ಧಕ್ಕೆ ಇಳಿಸಿ, ಉಳಿದ ಹಣವನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗಿಬರುವ ಒಬ್ಬ ತಾಯಿಯ ಪ್ರಯಾಣಕ್ಕೆ ಕೊಡುವುದೆಂದು ಸಮಿತಿ ನಿರ್ಣಯಿಸಿತು. ಮರುದಿನ ಕಬ್ಬಿನವರಿಗೆ ಫೋನ್ ಮಾಡಿದರೆ, ಎಂದಿನಷ್ಟೇ ಹೊರೆಗಳಿಗೆ ಹಿರಿಯರೊಬ್ಬರು ಆಗಲೇ ಹೇಳಿಯಾಗಿದೆ ಎಂಬ ಉತ್ತರ ಬಂತು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಅಷ್ಟು ವರ್ಷ ಮಾಡಿಕೊಂಡು ಬಂದ ಕೆಲಸವನ್ನು ಈ ವರ್ಷವೂ ಮಾಡಿದರು, ಅಷ್ಟೆ. ಆದರೆ ಆ ತಾಯಿಗೆ ಕೊಡುತ್ತೇವೆಂದ ಹಣ ಆ ತಿಂಗಳು ಕೊಡಲಾಗಲಿಲ್ಲ, ಮತ್ತು ಆ ಮಾತನ್ನು ಅವರ ಮನೆಗೆ ಹೋಗಿ ಹೇಳಬೇಕಾದವಳು ನಾನಾಗಿದ್ದೆ.

ನಿಕಟಪೂರ್ವ ಅಧ್ಯಕ್ಷೆಗೆ ಸಮಿತಿಯಲ್ಲಿ ಯಾವ ಸ್ಥಾನವಿದೆ, ಅದಕ್ಕಿಂತ ಹಿಂದಿನವರಿಗೆ ಯಾವುದು, ಅವರಿಗೆ ಮತದಾನದ ಹಕ್ಕಿದೆಯೇ, ಅಧಿಕಾರ ಹಸ್ತಾಂತರವಾಗುವಾಗ ಏನೇನು ಕೈ ಬದಲಾಗಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ. ಹಿರಿಯರ ಮನಸ್ಸು ನೋಯದಂತೆ ಇದನ್ನು ಹೇಗೆ ಹೇಳಬೇಕೆಂಬುದೇ ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ.

ಉತ್ತರ: ಮಾಜಿ ಅಧ್ಯಕ್ಷೆ, ದಕ್ಷಿಣ ಕನ್ನಡ

ಪ್ರೀತಿಯ ತಂಗಿ, ನಾನು ಎರಡು ಅವಧಿ ಅಧ್ಯಕ್ಷೆಯಾಗಿದ್ದು ಇಳಿದವಳು. ನೀವು ಬರೆದಿರುವ ಆ ಹಿರಿಯರ ಜಾಗದಲ್ಲಿ ನಾನೂ ಕುಳಿತಿದ್ದೇನೆ. ಇಳಿದ ಹೊಸತರಲ್ಲಿ ಪ್ರತಿ ಸಭೆಯಲ್ಲೂ ‘ನಾವು ಹೀಗೆ ಮಾಡುತ್ತಿದ್ದೆವು’ ಎಂದು ಮಾತು ಆರಂಭಿಸುತ್ತಿದ್ದೆ. ನನ್ನ ನಂತರ ಬಂದವರು ಬಹಳ ಸೌಮ್ಯ ಸ್ವಭಾವದವರು. ಆರು ತಿಂಗಳು ಸುಮ್ಮನಿದ್ದು, ಒಂದು ದಿನ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ, ‘ಅಕ್ಕ, ನೀವು ಸಭೆಯಲ್ಲಿ ಹೇಳುವುದನ್ನು ಹಿಂದಿನ ದಿನ ನನಗೊಬ್ಬಳಿಗೇ ಹೇಳಿದರೆ ನನಗೆ ಬಲ ಬರುತ್ತದೆ, ಎಲ್ಲರೆದುರು ಹೇಳಿದರೆ ಇರುವ ಬಲವೂ ಹೋಗುತ್ತದೆ’ ಎಂದರು. ಆ ಮಾತು ನನಗೆ ಆಗ ನೋವು ಕೊಟ್ಟಿತು, ಆದರೆ ಅದು ಸರಿಯಾಗಿತ್ತು. ಅಂದಿನಿಂದ ಕೇಳಿದರೆ ಮಾತ್ರ ಸಭೆಯಲ್ಲಿ ಮಾತಾಡುತ್ತೇನೆ, ಉಳಿದದ್ದನ್ನು ಫೋನಿನಲ್ಲಿ ಹೇಳುತ್ತೇನೆ. ಕುಳಿತುಕೊಳ್ಳುವ ಜಾಗವನ್ನೂ ಬದಲಾಯಿಸಿದೆ. ಧರ್ಮಗುರುಗಳ ಪಕ್ಕದ ಕುರ್ಚಿ ಬಿಟ್ಟು ಸದಸ್ಯೆಯರ ನಡುವಿನ ಬೆಂಚಿಗೆ ಬಂದೆ. ಇದು ಸಣ್ಣ ವಿಷಯವೆಂದು ಕಾಣಬಹುದು, ಆದರೆ ಸದಸ್ಯೆಯರು ಮುಖ ತಿರುಗಿಸುವ ದಿಕ್ಕು ಬದಲಾದದ್ದು ಅದರಿಂದಲೇ.

ಈಗ ಹಸ್ತಾಂತರದ ವಿಷಯ. ಪದಗ್ರಹಣದ ದಿನ ಬಲಿಪೀಠದ ಮುಂದೆ ಮೊಂಬತ್ತಿ ಕೈ ಬದಲಾಗುತ್ತದೆ; ಆದರೆ ಕೈ ಬದಲಾಗಲೇಬೇಕಾದ ವಸ್ತುಗಳು ಎಷ್ಟೋ ಬಾರಿ ಹಳೆಯ ಅಧ್ಯಕ್ಷೆಯ ಮನೆಯ ಕಪಾಟಿನಲ್ಲೇ ಉಳಿದುಬಿಡುತ್ತವೆ. ನಡಾವಳಿ ಪುಸ್ತಕ, ಜಮಾ-ಖರ್ಚಿನ ಪುಸ್ತಕ, ರಸೀದಿ ಪುಸ್ತಕ, ಮೊಹರು, ಪಾಸ್‌ಬುಕ್, ಬಾಡಿಗೆಗೆ ಕೊಡುವ ಪಾತ್ರೆಗಳ ಪಟ್ಟಿ ಇವುಗಳನ್ನು ಒಂದು ಹಾಳೆಯಲ್ಲಿ ಬರೆದು, ಕೊಟ್ಟವರೂ ಪಡೆದವರೂ ಸಹಿ ಹಾಕಿ, ಅದನ್ನೇ ಮೊದಲ ಸಭೆಯ ನಡಾವಳಿಗೆ ಅಂಟಿಸಿಬಿಡಿ. ಬ್ಯಾಂಕಿನಲ್ಲಿ ಸಹಿ ಮಾಡುವವರ ಹೆಸರು ಬದಲಾಯಿಸಲು ಸಮಿತಿಯ ನಿರ್ಣಯದ ಪ್ರತಿ ಮತ್ತು ಹೊಸಬರ ಗುರುತಿನ ದಾಖಲೆಗಳು ಬೇಕಾಗುತ್ತವೆ. ಇದನ್ನು ಮುಂದೂಡಿದರೆ, ಮಾಜಿ ಅಧ್ಯಕ್ಷೆಯ ಸಹಿಯಿಲ್ಲದೆ ಒಂದು ರೂಪಾಯಿಯನ್ನೂ ತೆಗೆಯಲಾಗದ ಸ್ಥಿತಿ ಬರುತ್ತದೆ, ಮತ್ತು ಆಗ ಅಧಿಕಾರ ನಿಜವಾಗಿ ಯಾರ ಬಳಿ ಇದೆಯೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಪುಸ್ತಕದಲ್ಲಿ ಬರೆಯಲಾಗದ ಇನ್ನೊಂದು ಪಟ್ಟಿ ಇದೆ. ನಿಕಟಪೂರ್ವ ಅಧ್ಯಕ್ಷೆಯ ನಿಜವಾದ ಬೆಲೆ ಇರುವುದು ಅಲ್ಲಿ ಎಂದು ನನ್ನ ನಂಬಿಕೆ. ಯಾವ ಮನೆಗೆ ಅಕ್ಕಿ ಹೋಗುತ್ತದೆ, ಯಾವ ಮಗುವಿನ ಶಾಲಾ ಶುಲ್ಕದಲ್ಲಿ ನಮ್ಮ ಪಾಲಿದೆ, ಯಾರ ಮನೆಗೆ ಹಗಲು ಹೋಗಬಾರದು, ಯಾರಿಗೆ ಹಣ ಕೊಟ್ಟರೆ ಅದು ಗಂಡನ ಕುಡಿತಕ್ಕೆ ಹೋಗುವುದರಿಂದ ಔಷಧವನ್ನೇ ಕೊಂಡು ಕೊಡಬೇಕು ಎಂಬುದು ಅಧ್ಯಕ್ಷೆಯ ತಲೆಯಲ್ಲಿ ಮಾತ್ರ ಇರುತ್ತದೆ. ನಮ್ಮಲ್ಲಿ ಒಬ್ಬ ವಿಧವೆಗೆ ಸಹಾಯವೆಲ್ಲ ಅವರ ತಂಗಿಯ ಅಂಗಡಿಯ ಮೂಲಕವೇ ಹೋಗುತ್ತಿತ್ತು. ಸಂಘಟನೆಯಿಂದ ಬಂದದ್ದೆಂದು ಅವರ ಮಕ್ಕಳಿಗೆ ಇಂದಿಗೂ ತಿಳಿದಿಲ್ಲ. ಇಂಥದ್ದನ್ನು ನಡಾವಳಿಯಲ್ಲಿ ಬರೆದರೆ ಆ ಕುಟುಂಬದ ಮಾನಕ್ಕೆ ಕುಂದು, ಬರೆಯದೆ ಹೇಳದೆ ಹೋದರೆ ಅವರ ಹೊಟ್ಟೆಗೆ ಕುಂದು. ನಾನು ಹೊಸ ಅಧ್ಯಕ್ಷೆಯನ್ನು ಕರೆದುಕೊಂಡು ಒಂದು ತಿಂಗಳಲ್ಲಿ ಹನ್ನೊಂದು ಮನೆಗಳಿಗೆ ಹೋದೆ. ಪ್ರತಿ ಮನೆಯಲ್ಲೂ ಜಪಸರ ಹೇಳಿ, ಚಹಾ ಕುಡಿದು ಬಂದೆವು. ಸಹಾಯದ ಮಾತನ್ನೇ ಎತ್ತಲಿಲ್ಲ. ಮುಂದಿನ ಬಾರಿ ಅವರು ಒಬ್ಬರೇ ಹೋದಾಗ ಆ ಮನೆಗಳ ಬಾಗಿಲು ಅವರಿಗೂ ತೆರೆಯಿತು.

ಹಾಗಾಗಿ ನನ್ನ ಸಲಹೆ ಇದು. ಹಿರಿಯರಿಗೆ ಕುರ್ಚಿಯ ಬದಲು ಕೆಲಸ ಕೊಡಿ. ಮುಂದಿನ ವರ್ಷ ಮೊಂತಿ ಹಬ್ಬದ ಕಬ್ಬು, ಹೂ, ತೆನೆಯ ವ್ಯವಸ್ಥೆಯನ್ನು ಅವರಿಗೇ ಒಪ್ಪಿಸಿ, ಆದರೆ ಸಮಿತಿ ಒಪ್ಪಿದ ಮೊತ್ತವನ್ನು ನಡಾವಳಿಯಲ್ಲಿ ಬರೆಸಿ ಅದರ ಪ್ರತಿಯನ್ನು ಅವರ ಕೈಗೆ ಕೊಡಿ. ಕಬ್ಬಿನವರಿಗೂ ಮೊದಲೇ ನೀವೇ ಹೇಳಿಡಿ. ಮತದಾನದ ಮಟ್ಟಿಗೆ ಮಾಜಿ ಅಧ್ಯಕ್ಷೆಯರಿಗೆ ಸಮಿತಿಯಲ್ಲಿ ಹಕ್ಕು ಇರಬಾರದು ಎಂದೇ ನಾನು ಹೇಳುತ್ತೇನೆ.

ಉತ್ತರ: ಮಂಗಳೂರು ಮೂಲದ ಸದಸ್ಯೆ, ಒಂಟಾರಿಯೊ, ಕೆನಡಾ

ಇಲ್ಲಿ ನಾನು ಕೆನಡಾದ ಕೆಥೊಲಿಕ್ ವಿಮೆನ್ಸ್ ಲೀಗ್‌ನ ಸದಸ್ಯೆ. ಇದೇ ಪ್ರಶ್ನೆಗೆ ಆ ಸಂಸ್ಥೆ ಬಹಳ ಕಾಲದಿಂದ ಉತ್ತರ ಕೊಟ್ಟುಕೊಂಡು ಬಂದಿರುವುದರಿಂದ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಫ್ಲೆಚರ್ ಅವರು 1906ರಲ್ಲಿ ಆರಂಭಿಸಿದ ಸಂಘಟನೆಯ ಮಾದರಿಯಲ್ಲಿ 1912ರಲ್ಲಿ ಎಡ್ಮಂಟನ್ ನಗರದಲ್ಲಿ ಇಲ್ಲಿಯ ಕೆಲಸ ಶುರುವಾಯಿತು. ಕೆಲಸ ಹುಡುಕಿಕೊಂಡು ಹೊಸದಾಗಿ ಬಂದಿಳಿಯುತ್ತಿದ್ದ ಹೆಣ್ಣುಮಕ್ಕಳಿಗೆ ನೆರವಾಗುವುದು ಅಂದಿನ ಮುಖ್ಯ ಉದ್ದೇಶಗಳಲ್ಲೊಂದು. 1920ರಲ್ಲಿ ಮಾಂಟ್ರಿಯಲ್‌ನಲ್ಲಿ ಅದು ರಾಷ್ಟ್ರೀಯ ಸಂಸ್ಥೆಯಾಯಿತು, ಬೆಲೆಲ್ ಗೆರಿನ್ ಅದರ ಮೊದಲ ರಾಷ್ಟ್ರೀಯ ಅಧ್ಯಕ್ಷೆಯಾದರು.

ಇಲ್ಲಿ ಚರ್ಚಿನ ಮಟ್ಟದ ಘಟಕದಲ್ಲೂ ‘ಹಿಂದಿನ ಅಧ್ಯಕ್ಷೆ’ ಎಂಬುದು ಗೌರವದ ಹೆಸರಾಗಿ ಮಾತ್ರ ಉಳಿದಿಲ್ಲ, ಅದು ಪದಾಧಿಕಾರಿಯ ಸ್ಥಾನ. ಆಕೆಯ ಕೆಲಸ ಎರಡು: ಕೇಳಿದಾಗ ಸಲಹೆ ಕೊಡುವುದು, ಮತ್ತು ಘಟಕದ ದಾಖಲೆ ಹಾಗೂ ಇತಿಹಾಸವನ್ನು ಕಾಯುವುದು. ಈ ಎರಡನೆಯ ಕೆಲಸದ ಬೆಲೆ ನನಗೆ ಗೊತ್ತಾದದ್ದು ನಾನೇ ಆ ಸ್ಥಾನಕ್ಕೆ ಬಂದಾಗ. ಚರ್ಚಿನ ನೆಲಮಾಳಿಗೆಯಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆಗಳ ತುಂಬ ಹಳೆಯ ನಡಾವಳಿಗಳು ತೇವ ಹಿಡಿದು ಬಿದ್ದಿದ್ದವು. ಆರು ತಿಂಗಳು ಪ್ರತಿ ಶನಿವಾರ ಕುಳಿತು ಅವನ್ನು ಒಣಗಿಸಿ, ವರ್ಷಾನುಸಾರ ಜೋಡಿಸಿದೆ. ಸಭೆಗಳಲ್ಲಿ ಹೊಸ ಅಧ್ಯಕ್ಷೆಯ ಮಾತಿಗೆ ಅಡ್ಡ ಬರಲು ನನಗೆ ಸಮಯವೂ ಇರಲಿಲ್ಲ, ಮನಸ್ಸೂ ಇರಲಿಲ್ಲ; ನನ್ನದೇ ಆದ ಕೆಲಸವೊಂದು ನನಗಿತ್ತು. ಯಾರಾದರೂ ‘ಇದನ್ನು ನಾವು ಹಿಂದೆಂದೂ ಮಾಡಿಲ್ಲ’ ಎಂದು ಹೇಳಿದಾಗ, ಮಾಡಿದ್ದ ವರ್ಷವನ್ನು ನಡಾವಳಿಯಿಂದ ತೆಗೆದು ತೋರಿಸುವುದು ಸಾಧ್ಯವಾಯಿತು.

ಗಮನಿಸಬೇಕಾದದ್ದು, ಆ ಸ್ಥಾನ ಒಬ್ಬರಿಗೆ ಮಾತ್ರ. ಮುಂದಿನ ಅಧ್ಯಕ್ಷೆ ಇಳಿದ ದಿನ ನಾನು ಅದರಿಂದಲೂ ಇಳಿದು ಸಾಮಾನ್ಯ ಸದಸ್ಯೆಯಾದೆ. ಈ ಲೀಗ್‌ನ ಪಾಲಕಿ ಸದಾಲೋಚನೆಯ ಮಾತೆ ಮರಿಯಮ್ಮನವರು, ಅವರ ಹಬ್ಬ ಏಪ್ರಿಲ್ 26ರಂದು. ಕಾನಾ ಊರಿನ ಮದುವೆಯಲ್ಲಿ ಯೇಸುವಿನ ಕುರಿತು ಸೇವಕರಿಗೆ ‘ಆತನು ಹೇಳಿದಂತೆ ಮಾಡಿರಿ’ ಎಂದಷ್ಟೇ ಹೇಳಿ ಹಿಂದೆ ಸರಿದ ತಾಯಿಯನ್ನು ಆ ದಿನ ನಾನು ನೆನೆಯುತ್ತೇನೆ.

ಉತ್ತರ: ಚರ್ಚ್ ಪಾಲನಾ ಮಂಡಳಿಯ ಮಾಜಿ ಕಾರ್ಯದರ್ಶಿ, ಬೆಂಗಳೂರು

ನಿಯಮದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 304ನೇ ವಿಧಿಯ ಪ್ರಕಾರ ವಿಶ್ವಾಸಿಗಳ ಪ್ರತಿಯೊಂದು ಸಂಘಕ್ಕೂ ಅದರ ಉದ್ದೇಶ, ಆಡಳಿತ, ಸದಸ್ಯತ್ವದ ಅರ್ಹತೆ ಇವುಗಳನ್ನು ಹೇಳುವ ನಿಯಮಾವಳಿ ಇರಬೇಕು. 309ನೇ ವಿಧಿಯು ಆ ನಿಯಮಾವಳಿಗೆ ಅನುಸಾರವಾಗಿ ಸಭೆ ನಡೆಸುವ, ಪದಾಧಿಕಾರಿಗಳನ್ನು ನೇಮಿಸುವ ಹಕ್ಕನ್ನು ಸಂಘಕ್ಕೆ ಕೊಡುತ್ತದೆ. ಮಾಜಿ ಅಧ್ಯಕ್ಷೆಯ ಸ್ಥಾನದ ಬಗ್ಗೆ ಸಂಹಿತೆ ಪ್ರತ್ಯೇಕವಾಗಿ ಏನನ್ನೂ ವಿಧಿಸುವುದಿಲ್ಲ, ಅದನ್ನು ನಿಯಮಾವಳಿಗೆ ಬಿಟ್ಟಿದೆ. ಆದ್ದರಿಂದ ಸಹೋದರಿ, ಮೊದಲು ನಿಮ್ಮ ಧರ್ಮಪ್ರಾಂತದ ಕೇಂದ್ರೀಯ ಸಮಿತಿಯಿಂದ ನಿಯಮಾವಳಿಯ ಪ್ರತಿಯನ್ನು ತರಿಸಿ ಓದಿ. ಅಲ್ಲಿ ಹೇಳಿರುವುದೇ ಅಂತಿಮ; ಹೇಳದೆ ಬಿಟ್ಟಿದ್ದರೆ ಮಾತ್ರ ನಿಮ್ಮ ಮಹಾಸಭೆ ತನ್ನ ಪದ್ಧತಿಯನ್ನು ರೂಪಿಸಿಕೊಳ್ಳಬಹುದು.

ಮತದಾನದ ವಿಷಯದಲ್ಲಿ ದಕ್ಷಿಣ ಕನ್ನಡದ ಸಹೋದರಿಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಿಯಮಾವಳಿಯು ನಿಕಟಪೂರ್ವ ಅಧ್ಯಕ್ಷೆಯನ್ನು ಪದನಿಮಿತ್ತ ಸದಸ್ಯೆಯೆಂದು, ಅಂದರೆ ಆ ಸ್ಥಾನದ ಕಾರಣಕ್ಕೇ ಸಮಿತಿಯಲ್ಲಿರುವವರೆಂದು ಹೇಳಿ, ಮತದ ಹಕ್ಕನ್ನು ನಿರಾಕರಿಸದಿದ್ದರೆ, ಅವರನ್ನು ಮತದಿಂದ ಹೊರಗಿಡಲು ಸಮಿತಿಗೆ ಅಧಿಕಾರವಿಲ್ಲ. ಆದರೆ ಅದಕ್ಕೂ ಹಿಂದಿನವರು ಬಂದರೆ ವಿಶೇಷ ಆಹ್ವಾನಿತೆಯರಾಗಿ, ಅಂದರೆ ಒಂದು ನಿರ್ದಿಷ್ಟ ವಿಷಯಕ್ಕಾಗಿ ಒಂದು ನಿರ್ದಿಷ್ಟ ಸಭೆಗೆ ಕರೆಯಲ್ಪಟ್ಟವರಾಗಿ ಬರಬೇಕು. ಈ ಎರಡು ಪದಗಳ ವ್ಯತ್ಯಾಸವನ್ನು ನಡಾವಳಿಯ ಹಾಜರಾತಿಯಲ್ಲೇ ತೋರಿಸಿದರೆ ಅರ್ಧ ಗೊಂದಲ ತಾನಾಗಿ ನಿಲ್ಲುತ್ತದೆ.

ಸರದಿಯಂತೆ ಇಳಿಯುವುದು ಅವಮಾನವಲ್ಲ ಎಂದು ಹಿರಿಯರಿಗೆ ಹೇಳಲು ಧರ್ಮಸಭೆಯ ಆಚರಣೆಯೇ ಆಧಾರವಾಗಿದೆ. ಮರಿಯಾ ಸೇನೆ (ಲೀಜನ್ ಆಫ್ ಮೇರಿ) ಎಂಬ ವಿಶ್ವಾಸಿಗಳ ಸಂಘಟನೆಯು 1921ರಲ್ಲಿ ಡಬ್ಲಿನ್‌ನಲ್ಲಿ ಬಹುಪಾಲು ಮಹಿಳೆಯರಿಂದಲೇ ಆರಂಭವಾದದ್ದು. ಅಲ್ಲಿ ಪದಾಧಿಕಾರಿಯ ಅವಧಿ ಮೂರು ವರ್ಷ, ಇನ್ನೊಮ್ಮೆ ಮುಂದುವರಿದರೂ ಒಂದೇ ಸ್ಥಾನದಲ್ಲಿ ಸತತ ಆರು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. 2021ರ ಜೂನ್‌ನಲ್ಲಿ ವ್ಯಾಟಿಕನ್ ಹೊರಡಿಸಿದ ಆದೇಶವು ವಿಶ್ವಾಸಿಗಳ ಅಂತರರಾಷ್ಟ್ರೀಯ ಸಂಘಗಳ ಕೇಂದ್ರೀಯ ಆಡಳಿತದಲ್ಲಿ ಒಂದು ಅವಧಿಗೆ ಐದು ವರ್ಷ, ಸತತವಾಗಿ ಹತ್ತು ವರ್ಷ ಎಂಬ ಮಿತಿ ಹಾಕಿತು. ಅದು ನಿಮ್ಮಂಥ ಚರ್ಚ್ ಘಟಕಕ್ಕೆ ನೇರವಾಗಿ ಅನ್ವಯಿಸುವುದಿಲ್ಲ, ಆದರೆ ಅದರ ಹಿಂದಿನ ಕಾಳಜಿ ನಿಮ್ಮ ಕಾಳಜಿಯೇ ಆಗಿದೆ.

ಒಂದು ವಿನಂತಿ: ಧರ್ಮಗುರುಗಳು ನಿಮ್ಮ ಆಧ್ಯಾತ್ಮಿಕ ನಿರ್ದೇಶಕರು, ಹೊಸ ಅಧ್ಯಕ್ಷೆ ಮತ್ತು ಹಳೆಯ ಅಧ್ಯಕ್ಷೆಯ ನಡುವೆ ತೀರ್ಪು ಕೊಡುವ ಸ್ಥಿತಿಗೆ ಅವರನ್ನು ತರಬೇಡಿ. ಒಮ್ಮೆ ಅವರು ಒಂದು ಕಡೆಗೆ ಮಾತಾಡಿದರೆಂದರೆ ಇನ್ನೊಂದು ಕಡೆಯವರು ಚರ್ಚಿಗೇ ಬರುವುದನ್ನು ಕಡಿಮೆ ಮಾಡಿದ್ದನ್ನು ನಾನು ಕಂಡಿದ್ದೇನೆ.

ಮರುಪ್ರಶ್ನೆ: ಹೊಸ ಅಧ್ಯಕ್ಷೆ, ಉಡುಪಿ ಜಿಲ್ಲೆ

ನಿಮ್ಮೆಲ್ಲರ ಉತ್ತರಗಳನ್ನು ಎರಡೆರಡು ಸಲ ಓದಿದೆ. ನಿಯಮಾವಳಿಯ ಪ್ರತಿಗಾಗಿ ಕೇಂದ್ರೀಯ ಸಮಿತಿಗೆ ಪತ್ರ ಬರೆದಿದ್ದೇನೆ. ಹಸ್ತಾಂತರದ ಪಟ್ಟಿಯನ್ನು ತಡವಾಗಿಯಾದರೂ ಈ ತಿಂಗಳು ಮಾಡಿಸುತ್ತೇನೆ. ಆದರೆ ಒಂದು ಸಂಗತಿ ಮನಸ್ಸನ್ನು ಕೊರೆಯುತ್ತಿದೆ. ಕಬ್ಬಿಗೆ ಹೇಳಿದ ಆ ಹಿರಿಯರ ಯಜಮಾನರು ಎರಡು ವರ್ಷದ ಹಿಂದೆ ತೀರಿಕೊಂಡರು, ಮಕ್ಕಳಿಬ್ಬರೂ ಗಲ್ಫ್‌ನಲ್ಲಿದ್ದಾರೆ. ತಿಂಗಳಿಗೊಮ್ಮೆ ನಡೆಯುವ ಈ ಸಮಿತಿ ಸಭೆಗಾಗಿ ಅವರು ಸೀರೆ ಇಸ್ತ್ರಿ ಮಾಡಿಸಿಟ್ಟುಕೊಂಡು ಕಾಯುತ್ತಾರೆ. ‘ನೀವು ಇನ್ನು ವಿಶೇಷ ಆಹ್ವಾನಿತೆ’ ಎಂದು ಅವರಿಗೆ ನಾನು ಹೇಗೆ ಹೇಳಲಿ?

ಉತ್ತರ: ಮಾಜಿ ಅಧ್ಯಕ್ಷೆ, ದಕ್ಷಿಣ ಕನ್ನಡ

ತಂಗಿ, ಆ ಮಾತನ್ನು ಹೇಳುವ ಮೊದಲು ಒಂದು ತಿಂಗಳು ಅವರ ಜೊತೆ ಮನೆಭೇಟಿಗೆ ಹೋಗಿ. ಆ ಡಯಾಲಿಸಿಸ್‌ನ ತಾಯಿಯ ಮನೆಗೇ ಮೊದಲು ಹೋಗಿ; ಕೊಡುತ್ತೇವೆಂದ ಹಣ ಏಕೆ ತಡವಾಯಿತೆಂಬ ಕಾರಣವನ್ನು ಅಲ್ಲಿ ಯಾರೂ ಹೇಳಬೇಕಾಗಿಲ್ಲ, ಹಿರಿಯರಿಗೆ ಅದು ತಾನಾಗಿ ತಿಳಿಯುತ್ತದೆ. ಆಮೇಲೆ ರೋಗಿಗಳ ಭೇಟಿಯ ಹೊಣೆಯನ್ನು ವಾರಕ್ಕೊಂದು ದಿನ ಅವರಿಗೇ ಒಪ್ಪಿಸಿ, ಪ್ರತಿ ಸಭೆಯಲ್ಲಿ ಆ ವರದಿ ಕೊಡಲು ಅವರನ್ನು ಆಹ್ವಾನಿಸಿ. ತಿಂಗಳಿಗೊಂದು ಸಭೆಗೆ ಉಡುತ್ತಿದ್ದ ಸೀರೆಯನ್ನು ಅವರು ವಾರವಾರವೂ ಉಡುವಂತಾಗಲಿ. ಹೋಗಿಬಂದ ಮೇಲೆ ಏನಾಯಿತೆಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.